ಬಿಗಿ ತೋಳು

9 ಜನವರಿ 1978, ಸೋಮವಾರ

ಶಾಲೆ ಹುಡುಗರ ಖಾಕಿ ಚಡ್ಡಿ ಮುಗಿದವು. ಬೆನಕಪ್ಪನ ಪ್ಯಾಂಟು ವಾಪಸ್ ಬಂತು – ಸೊಂಟ ಬಿಗಿಯಂತೆ. ಶೇಂಗಾ ವ್ಯಾಪಾರಿ, ಗಾದಿ ಬಿಟ್ಟು ಏಳುವುದಿಲ್ಲ. ಹೊಟ್ಟೆ ಅವನದು, ತಪ್ಪು ಟೇಲರನದು. ಇರಲಿ. ಬಿಚ್ಚಿ ಕೊಡುತ್ತೇನೆ ಅಂದೆ.

ಮಧ್ಯಾಹ್ನ ಮಾಳಮ್ಮ ನೀರಿಗೆ ಹೋದಾಗ ಅವಳ ನೀಲಿ ಜಂಪರು ಮಶೀನಿಗೆ ಹಾಕಿದೆ. ಅಂಗಡಿ ಅಂದರೆ ಮನೆಯ ಮುಂದಿನ ಖೋಲಿಯೇ, ಬೇಗ ಆಗುತ್ತದೆ. ಎರಡೂ ಬದಿಗೆ ಬಿಗಿ ಆಗುವ ಹಾಗೆ ಒಂದೊಂದು ಹೊಲಿಗೆ ಒಳಗೆ ತೆಗೆದುಕೊಂಡೆ. ತೋಳಿಗೂ. ಹಳೇ ದಾರ ಕಿತ್ತು, ಇಸ್ತ್ರಿ ಮಾಡಿ, ಇದ್ದ ಹಾಗೇ ಹಗ್ಗದ ಮೇಲೆ ಹಾಕಿದೆ. ಮೂರು ಆದವು. ನಾಲ್ಕನೆಯದು ಅವಳ ಮೈಮೇಲಿದೆ.

ದೀಪಾವಳಿಯಿಂದ ಮೈ ಇಳಿಯುತ್ತಲೇ ಇದ್ದಾಳೆ. ಎರಡು ತುತ್ತಿಗೆ ಹೊಟ್ಟೆ ತುಂಬಿತು ಅನ್ನುತ್ತಾಳೆ. ಮದುವೆಯಾದಾಗಿನಿಂದ 'ಗುಂಡವ್ವ' ಅಂತ ಕಾಡಿಸಿದವನು ನಾನು. ಹೋದ ವಾರ ಕನ್ನಡಿ ಮುಂದೆ ನಿಂತು, ಜೋತುಬಿದ್ದ ತೋಳನ್ನು ಎತ್ತೆತ್ತಿ ನೋಡಿ ಅತ್ತಳು. ಹೊಸದು ಹೊಲಿಯುತ್ತೇನೆ ಅಂದರೆ ಬೇಡ. "ನಾಳೆ ಮೈ ಹೊಳ್ಳಿ ಬಂದ್ರ ಆ ಹೊಸಾವು ಯಾರಿಗೆ? ದಂಡದ ಖರ್ಚು."

ಅದಕ್ಕೇ ಈ ಕಳ್ಳ ಕೆಲಸ. ಸಂಜೆ ನೀಲಿಯದನ್ನು ಹಾಕಿಕೊಂಡು ಬಂದಳು. "ನೋಡ್ರಿ, ಇದು ಬರೋಬ್ಬರಿ ಕುಂತೈತಿ. ನಾನ ಸುಮ್ನ ಅಂಜಿದ್ದೆ." ಒಂದೂವರೆ ರೊಟ್ಟಿ ತಿಂದಳು. ಜೀವಕ್ಕೆ ಎಷ್ಟೋ ಹಗುರಾಯಿತು.

13 ಜನವರಿ, ಶುಕ್ರವಾರ

ಲಂಗದ ಲಾಡಿ. ಅದು ತಲೆಗೆ ಹೊಳೆದೇ ಇರಲಿಲ್ಲ. ಸೊಂಟ ಇಳಿದ ಹಾಗೆ ಗಂಟಿನಿಂದ ಜೋತುಬೀಳುವ ತುದಿ ಉದ್ದ ಆಗುತ್ತದೆ. ಇವತ್ತು ಬೆರಳಿಗೆ ಸುತ್ತಿಕೊಂಡು ನೋಡುತ್ತಿದ್ದಳು. ಅವಳು ಬಟ್ಟೆ ಒಗೆದು ಹಾಕಿದ ಮೇಲೆ ಎರಡೂ ಲಂಗದ ಲಾಡಿ ಒಂದಷ್ಟು ಕತ್ತರಿಸಿ ತುದಿ ಹೊಲಿದೆ.

ಸೀರೆಗೆ ಮಾತ್ರ ನನ್ನ ಕೈ ನಡೆಯುವುದಿಲ್ಲ. ನಿರಿಗೆ ಹೆಚ್ಚು ಬೀಳುತ್ತಿವೆ. ಯಾಕಂತೀರಿ ಅಂದಳು. ಮಗ್ಗದ ಸೀರೆ, ತೊಳೆದ ಹಾಗೆ ಹಿಗ್ಗುತ್ತದೆ ಅಂದೆ. ಟೇಲರ್ ಹೇಳಿದ ಮೇಲೆ ಆಯಿತಲ್ಲ... ನಂಬಿದಳು.

19 ಜನವರಿ, ಗುರುವಾರ

ಡಾಕ್ಟರ ಹತ್ತಿರ ಹೋಗಿ ಬಂದೆವು. ಅವಳನ್ನು ಹೊರಗೆ ಕೂಡಿಸಿ ನನ್ನನ್ನು ಒಳಗೆ ಕರೆದರು.

ಹೊಟ್ಟೆಯಲ್ಲಿ ಗಂಟು ಇದೆಯಂತೆ. ಕೈಗೆ ಸಿಗುತ್ತದೆ ಅಂದರು. ಬಳ್ಳಾರಿಗೆ ಹೋಗಬೇಕು, ಆಪರೇಷನ್.

"ಸಣ್ಣದಿದ್ದಾಗ ತಗದ್ರ ಉಳೀಬಹುದು, ಪಕ್ಕೀರಪ್ಪ. ತಡ ಮಾಡಬ್ಯಾಡ್ರಿ. ಅವರಿಗೆ ಈಗ ಎಲ್ಲಾ ಹೇಳಾಕ ಹೋಗಬ್ಯಾಡ್ರಿ, ಎದಿ ಒಡಕೊಂತಾರ."

ಹೊರಗೆ ಬಂದು 'ಹುಣ್ಣು' ಅಂದೆ. ಅವಳು ನನ್ನ ಮುಖವನ್ನೇ ನೋಡಿದಳು. ನಾನು ಚಪ್ಪಲಿ ಹುಡುಕುವ ನೆಪದಲ್ಲಿ ಬಗ್ಗಿದೆ.

20 ಜನವರಿ, ಶುಕ್ರವಾರ

ಬಳ್ಳಾರಿ ಅಂದ ಕೂಡಲೇ ಹಟ. ಅವಳ ಅಕ್ಕ ದ್ಯಾಮಕ್ಕ ಆಪರೇಷನ್ನಿಗೆ ಹೋದವಳು ಬರಲಿಲ್ಲ. ಆ ಅಂಜಿಕೆ. "ಹುಣ್ಣಿಗೆ ಯಾರರ ಹೊಟ್ಟಿ ಕೊಯಿಸ್ಕೊಂತಾರೇನು?"

ಕೊನೆಗೆ ಮಗಳ ಹೆಸರು ತೆಗೆದೆ. ಎರ್ರೆಮ್ಮ ಹರಪನಹಳ್ಳಿಯಿಂದ ಯುಗಾದಿಗೆ ಬರುತ್ತಾಳೆ, ಚೊಚ್ಚಲ ಹೆರಿಗೆ. "ಬಾಣಂತನ ಯಾರು ಮಾಡವ್ರು? ನಾನೇನು? ಅದಕ್ಕರ ಹುಷಾರಾಗಬೇಕಿಲ್ಲೋ ನೀನು?"

"ಆತು, ಬರ್ತೀನಿ" ಅಂದಳು. ಎಲೆಕ್ಷನ್ ಬಾವುಟದ ಆರ್ಡರ್ ಬರುವುದಿದೆ. ಅದನ್ನು ಹೊಲಿದು ಕೈಯಲ್ಲಿ ನಾಲ್ಕು ಕಾಸು ಆದ ಕೂಡಲೇ ಹೋಗುವುದು. ಫೆಬ್ರವರಿ ಹದಿಮೂರು, ಬೆಳಗಿನ ರೈಲು. ರೈಲಾದರೆ ಕಾಲು ಚಾಚಿ ಕೂರಬಹುದು. ಹೊಸಪೇಟೆಯಲ್ಲಿ ಇಳಿದು ಬಳ್ಳಾರಿ ಗಾಡಿ.

2 ಫೆಬ್ರವರಿ, ಗುರುವಾರ

ಬಾವುಟ, ಬಾವುಟ, ಬಾವುಟ. ಕೂಡ್ಲಿಗಿಯಿಂದ ಒಂದು ಪಾರ್ಟಿಯವರು, ಇಲ್ಲಿಯವರೇ ಇನ್ನೊಂದು ಪಾರ್ಟಿಯವರು. ಇಬ್ಬರಿಗೂ ನಾಳೆಯೇ ಬೇಕು. ಇಬ್ಬರೂ ಗೆಲ್ಲುವವರೇ. ಕಾಲು ಮರಗಟ್ಟಿವೆ.

ಉಳಿದ ಚೂರು ಬಟ್ಟೆ ಟೇಲರನ ಪಾಲು. ಅವನ್ನೇ ಜೋಡಿಸಿ ಮಾಳಮ್ಮನಿಗೆ ಒಂದು ಒಳಲಂಗ ಮಾಡಿದೆ. ಸಣ್ಣ ಅಳತೆಯದು. ಹಾಕಿಕೊಂಡು ನಕ್ಕಳು. "ನನ್ನ ಲಂಗದಾಗ ಎಲ್ಲಾ ಪಾರ್ಟಿ ಕೂಡ್ಯಾವು ನೋಡ್ರಿ. ಹೊರಗ ಇವ್ರು ಬಡಿದಾಡ್ತಾರ."

ದಿನಾ ಒಂದೊಂದು ಜಂಪರು ಕದ್ದು ಹೊಲಿಯಲಿಕ್ಕೆ ಈಗ ಹೊತ್ತಿಲ್ಲ. ಹೇಗೂ ಇಳಿಯುತ್ತಾಳೆ. ಮುಂದಿನ ಹದಿನೈದು ದಿನದ್ದೂ ಸೇರಿಸಿ ಒಮ್ಮೆಲೇ ಒಳಗೆ ತೆಗೆದುಕೊಂಡೆ, ಮೈಮೇಲಿನದು ಬಿಟ್ಟು ಮೂರಕ್ಕೂ. ಬೆಳೆಯುವ ಹುಡುಗರಿಗೆ ಒಂದಿಂಚು ದೊಡ್ಡದು ಹೊಲಿಯುತ್ತೇವಲ್ಲ, ಅದನ್ನೇ ತಿರುಗಿಸಿ ಮಾಡಿದೆ. ಸರಿಯಲ್ಲ ಅನ್ನಿಸಿತು. ಆದರೂ ಮಾಡಿದೆ.

4 ಫೆಬ್ರವರಿ, ಶನಿವಾರ

ಏನು ಮಾಡಿಬಿಟ್ಟೆ.

ಬೆಳಿಗ್ಗೆ ಒಳಗಿಂದ ಕೂಗಿದಳು. "ಲಗೂನ ಬರ್ರಿ ಇಲ್ಲಿ!" ಬಿದ್ದಳೇನೋ ಅಂತ ಓಡಿದೆ. ಜಂಪರಿನ ಒಂದು ತೋಳು ಏರಿಸಿ, ಇನ್ನೊಂದು ಮೊಣಕೈ ಹತ್ತಿರ ಸಿಕ್ಕಿಸಿಕೊಂಡು ನಿಂತಿದ್ದಾಳೆ. ಮುಖದ ತುಂಬಾ ನಗು.

"ತೋಳು ಏರವಲ್ದು! ಬಿಗಿ ಆಗೈತಿ! ಮೈ ಹತ್ತಾಕ್ಹತ್ತೈತಿ ನೋಡ್ರಿ!"

ನಾನು ಬಾಯಲ್ಲಿ ದಾರ ಕಚ್ಚಿಕೊಂಡಿದ್ದೆ. ಬಾಗಿಲಲ್ಲೇ ನಿಂತೆ.

ಇನ್ನೊಂದು ಹಾಕಿ ನೋಡಿದಳು. ಅದೂ ಬಿಗಿ. ಮತ್ತೊಂದು, ಅದೂ. ಹುಕ್ಕು ಹಾಕಲಿಕ್ಕೆ ನನ್ನನ್ನೇ ಕರೆದಳು. ಹಾಕಿದೆ. ಬೆರಳಿಗೆ ಅವಳ ಎಲುಬು ಸಿಗುತ್ತಿದ್ದವು. ಅವಳಿಗೆ ಮಾತ್ರ ಹುಕ್ಕಿನ ಬಿಗಿಯೇ ಕಾಣುತ್ತಿತ್ತು.

ಮಧ್ಯಾಹ್ನ ಮೆಣಸಿನಕಾಯಿ ಬಜ್ಜಿ ಕರಿದಳು, ನನಗೆ ಇಷ್ಟ ಅಂತ. ಎಷ್ಟು ತಿಂಗಳಾಗಿತ್ತೋ ಎಣ್ಣೆ ಬಾಣಲೆ ಇಟ್ಟು. ತಟ್ಟೆ ಮುಂದಿಟ್ಟು ಅಂದಳು – "ಇನ್ನ ಬಳ್ಳಾರಿ ಬ್ಯಾಡ. ಹುಣ್ಣು ಮಾಯಾಕ್ಹತ್ತೈತಿ."

5 ಫೆಬ್ರವರಿ, ಭಾನುವಾರ

ಹೇಳಬೇಕು ಅಂತ ಬಾಯಿ ತೆರೆದೆ. ಒಲೆ ಮುಂದೆ ಕೂತು ಏನೋ ಗುನುಗುತ್ತಿದ್ದಳು. ಈ ಮನೆಯಲ್ಲಿ ಹಾಡು ಕೇಳಿ ಎಷ್ಟು ದಿನವಾಯಿತು. ಬಾಯಿ ಮುಚ್ಚಿಕೊಂಡೆ.

ನಾಳೆ ಹೇಳುತ್ತೇನೆ.

13 ಫೆಬ್ರವರಿ, ಸೋಮವಾರ

ರೈಲು ಹೋಯಿತು. ಸೀಟಿ ಮನೆತನಕ ಕೇಳಿಸಿತು.

ಕೊನೆಯ ಗಳಿಗೆವರೆಗೂ ಹೊರಡಿಸಲು ನೋಡಿದೆ. ಡಾಕ್ಟರ್ ಹೇಳಿದ್ದಾರೆ, ತೋರಿಸಿಕೊಂಡಾದರೂ ಬರೋಣ, ಬರೀ ತೋರಿಸಿಕೊಂಡು. ಜಗ್ಗಲಿಲ್ಲ.

"ಡಾಕ್ಟರ್ ಒಂದ ಸಲ ಮುಟ್ಟಿ ನೋಡ್ಯಾನ. ಈ ಜಂಪರ್ ದಿನಾ ಮೈಮ್ಯಾಲಿರ್ತೈತಿ. ನೀವ ಹೊಲದದ್ದು. ನಿಮ್ಮ ಕೈ ಸುಳ್ಳು ಹೇಳ್ತೈತೇನು?"

ಅಲ್ಲೇ ಹೇಳಿಬಿಡಬೇಕಿತ್ತು. ಹೌದು, ನನ್ನ ಕೈ ಸುಳ್ಳು ಹೇಳಿದೆ ಅಂತ. ಕಟ್ಟಿಟ್ಟ ಬುತ್ತಿಯನ್ನು ಮನೆಯಲ್ಲೇ ಕೂತು ತಿಂದೆವು. ಅವಳು ಇಷ್ಟೇ ಇಷ್ಟು. ನಾನು ಹೇಡಿ.

1 ಮಾರ್ಚ್, ಬುಧವಾರ

ಬರೆಯಲಿಕ್ಕೆ ಮನಸ್ಸಾಗಿರಲಿಲ್ಲ.

ಎಲೆಕ್ಷನ್ ಮುಗಿದಿದೆ. ಬಾವುಟ ಬೀದಿ ತುಂಬಾ ಬಿದ್ದಿವೆ. ಮಾಳಮ್ಮ ಹುಡುಗರ ಕೈಯಲ್ಲಿ ಆರಿಸಿ ತರಿಸಿ, ಒಗೆದು, ಮೊಮ್ಮಗುವಿಗೆ ಹೊದಿಸಲು ಕೌದಿ ಹೊಲಿಯುತ್ತಿದ್ದಾಳೆ. ನಾಲ್ಕು ಹೊಲಿಗೆ ಹಾಕಿ ಗೋಡೆಗೆ ಒರಗುತ್ತಾಳೆ. ಹೊಟ್ಟೆ ಮೇಲೆ ಕೈ ಇಟ್ಟುಕೊಳ್ಳುತ್ತಾಳೆ. ಕೇಳಿದರೆ ವಾಯು ಅನ್ನುತ್ತಾಳೆ.

ಒಂದು ಯೋಚನೆ ಮಾಡಿದ್ದೆ. ಹೊಲಿಯುವುದನ್ನು ನಿಲ್ಲಿಸಿಬಿಡೋಣ. ಜಂಪರು ತಾನಾಗಿಯೇ ಸಡಿಲ ಆಗುತ್ತದೆ, ಅವಳಿಗೇ ತಿಳಿಯುತ್ತದೆ, ಹೊರಡುತ್ತಾಳೆ. ನಾನು ಬಾಯಿ ಬಿಡುವುದೇ ಬೇಡ. ಹತ್ತು ಹನ್ನೆರಡು ದಿನ ಅವಳ ಜಂಪರಿಗೆ ಸೂಜಿ ಮುಟ್ಟಿಸಲಿಲ್ಲ.

ನಿನ್ನೆ ಜಂಪರು ಹಾಕಿಕೊಂಡು ತೋಳಿನ ಮೇಲೆ ಕೈಯಾಡಿಸಿದಳು. ಬಟ್ಟೆ ಚಿವುಟಿ ನೋಡಿದಳು. ಕೌದಿ ಮಡಚಿಟ್ಟು ಗೋಡೆ ಕಡೆ ಮುಖ ಮಾಡಿ ಮಲಗಿದಳು. ಊಟಕ್ಕೆ ಏಳಲಿಲ್ಲ.

ಇವತ್ತು ಅವಳು ನೀರಿಗೆ ಹೋದಾಗ ಹಗ್ಗದ ಮೇಲಿನ ಮೂರನ್ನೂ ಮತ್ತೆ ಬಿಗಿ ಮಾಡಿದೆ.

ಸಂಜೆ ಜಂಪರು ಬದಲಿಸಿಕೊಂಡು ಬಂದು ಕೂತು ಗಂಜಿ ಕುಡಿದಳು. ಕೌದಿ ತೆಗೆದಳು. ಅವಳ ಮುಖದಲ್ಲಿ ಆ ಗೆಲುವು ನೋಡದಿದ್ದರೆ ನನಗೇ ಅನ್ನ ಇಳಿಯುವುದಿಲ್ಲ. ಇದು ಅವಳಿಗಾಗಿ ಅಲ್ಲ, ನನಗಾಗಿ. ಈಗ ಗೊತ್ತಾಗಿದೆ. ಗೊತ್ತಾಗಿ ಏನು ಬಂತು?

8 ಮಾರ್ಚ್, ಬುಧವಾರ

ಶಹಜಾನಬಿ ಬಳೆ ಬುಟ್ಟಿ ಹೊತ್ತು ಬಂದಿದ್ದಳು. ವರ್ಷಕ್ಕೆ ಮೂರು ಸಲ ಬರುತ್ತಾಳೆ, ಮಾಳಮ್ಮನ ಜೊತೆ ಎಲೆ ಅಡಿಕೆ ಹಾಕಿ ಊರ ಸುದ್ದಿಯೆಲ್ಲ ಆದ ಮೇಲೇ ಏಳುವವಳು. ಇವತ್ತು ಬೇಗ ಎದ್ದಳು.

ಅಂಗಡಿ ಮೆಟ್ಟಿಲ ಹತ್ತಿರ ನಿಂತು ಸಣ್ಣ ದನಿಯಲ್ಲಿ, "ಅಣ್ಣಾ, ಅಕ್ಕನ ಕೈ ಎರಡು ಅಳತಿ ಇಳದೈತಿ. ಹಳೇ ಬಳಿ ಮೊಣಕೈ ದಾಟಿ ಹೋಗ್ತಾವು. ನಿಮಗ ಕಾಣವಲ್ದೇನ್ರಿ?"

"ಕಾಣತೈತವ್ವ."

"ಮತ್ತ? ಅಕಿ ನೋಡಿದ್ರ ನಾನು ದಪ್ಪ ಆಗೇನಿ ಅಂತಾಳ. ಜಂಪರ್ ಜಗ್ಗಿ ತೋರಿಸ್ತಾಳ."

ನಾನು ಮಶೀನಿನ ಗಾಲಿ ತಿರುಗಿಸಿದೆ. ದಾರ ತುಂಡಾಯಿತು. ಅವಳು ನನ್ನ ಕೈ ನೋಡಿದಳು, ಹಗ್ಗದ ಮೇಲಿನ ಜಂಪರು ನೋಡಿದಳು. ಅಳತೆಯ ಮಾತು ಬಳೆಗಾರ್ತಿಗೆ ಹೇಳಿಕೊಡಬೇಕೇ?

"ಯಾ ಅಲ್ಲಾ! ನೀವೇನ್ರಿ ಅಣ್ಣಾ?" ಬುಟ್ಟಿ ತಲೆಗೆ ಏರಿಸಿಕೊಂಡಳು. "ನಮ್ಮ ಅಮ್ಮಾಗ ಹಿಂಗ ಆಗಿತ್ತು. ಕರಕೊಂಡು ಹೋಗ್ರಿ. ಇವತ್ತ ಹೋಗ್ರಿ." ಬಳೆಯ ದುಡ್ಡೂ ತೆಗೆದುಕೊಳ್ಳದೆ ಹೋದಳು.

ಒಳಗೆ ಮಾಳಮ್ಮ ಹೊಸ ಬಳೆ ಆಡಿಸುತ್ತಿದ್ದಳು. "ಸಣ್ಣಾವು ತಗೊಂಡೆ. ದೊಡ್ಡಾವು ಒಲಿ ಕೆಲಸದಾಗ ಒಡೀತಾವು." ನನ್ನ ಕಡೆ ನೋಡಲಿಲ್ಲ.

15 ಮಾರ್ಚ್, ಬುಧವಾರ

ಬಸ್‌ಸ್ಟ್ಯಾಂಡಿನ ಹತ್ತಿರ ಡಾಕ್ಟರು ಸಿಕ್ಕರು. "ಬಳ್ಳಾರಿಗೆ ಹೋಗಿ ಬಂದ್ರೇನು? ಏನಂದ್ರು?"

"ಇಲ್ರೀ ಸಾಹೇಬ್ರ... ಆಕಿ ಒಲ್ಲೆ ಅಂತಾಳ್ರಿ..."

ಬಯ್ಯುತ್ತಾರೆ ಅಂದುಕೊಂಡಿದ್ದೆ. ಸ್ಕೂಟರಿಗೆ ಕಿಕ್ ಹೊಡೆದು ಹೋಗಿಬಿಟ್ಟರು. ಬೈದಿದ್ದರೆ ಚೆನ್ನಾಗಿತ್ತು.

17 ಮಾರ್ಚ್, ಶುಕ್ರವಾರ

ಬೆಳಿಗ್ಗೆ ಹಿತ್ತಲಲ್ಲಿ ವಾಂತಿ ಮಾಡಿಕೊಂಡಳು. ನಾನು ಹೋಗುವಷ್ಟರಲ್ಲಿ ಕಾಲಿನಿಂದ ಮಣ್ಣು ಎಳೆದು ಮುಚ್ಚುತ್ತಿದ್ದಳು. ಮುಚ್ಚಿರಲಿಲ್ಲ. ಕಾಫಿ ಗಸಿಯ ಹಾಗೆ ಕಪ್ಪು.

ಸಾಕು.

ಮಧ್ಯಾಹ್ನ ಮಲಗಿದಾಗ ಮೂರು ಜಂಪರು ತಂದು ಬ್ಲೇಡು ಹಿಡಿದೆ. ಕೊನೆಯ ಸಲ ಹಾಕಿದ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚಿದೆ. ಮೊದಲಿನ ಅಗಲಕ್ಕೇ ಹಚ್ಚಿ ಹೊಲಿದೆ. ಎಷ್ಟು ಸಲ ಇಸ್ತ್ರಿ ಎಳೆದರೂ ಸೂಜಿ ತೂತು ಹೋಗಲಿಲ್ಲ. ಬಾಯಿಂದ ಹೇಳಲಾಗದ್ದನ್ನು ಬಟ್ಟೆಯೇ ಹೇಳಲಿ. ಹೇಡಿತನ ಇದರಲ್ಲೂ ಬಿಡಲಿಲ್ಲ, ಗೊತ್ತು.

18 ಮಾರ್ಚ್, ಶನಿವಾರ

ಅವಳ ಸ್ನಾನ ಆಯಿತು. ಒಳಗಿಂದ ಸದ್ದಿಲ್ಲ. ಬಹಳ ಹೊತ್ತು ಕಾದು ಹೋದೆ.

ಕಿಟಕಿ ಬೆಳಕಿಗೆ ನಿಂತಿದ್ದಳು. ಜಂಪರು ಮೈಮೇಲೆ ನಿಲ್ಲುತ್ತಿಲ್ಲ, ಭುಜದಿಂದ ಜಾರುತ್ತಿದೆ. ಒಂದು ತೋಳನ್ನು ಬೆಳಕಿಗೆ ಹಿಡಿದಿದ್ದಳು. ತೂತಿನ ಸಾಲು, ಅದರ ಪಕ್ಕ ಇನ್ನೊಂದು ಸಾಲು, ಮತ್ತೊಂದು. ಬೆರಳಿಟ್ಟು ಒಂದೊಂದನ್ನೇ ಮುಟ್ಟುತ್ತಿದ್ದಳು.

"ಎಷ್ಟು ಸಲ ಹೊಲದಿ?"

ಮದುವೆಯಾಗಿ ಇಪ್ಪತ್ತೆರಡು ವರ್ಷ. ನನ್ನನ್ನು 'ನೀನು' ಅಂದದ್ದು ಇದೇ ಮೊದಲು.

"ನೆನಪಿಲ್ಲ."

"ಹುಣ್ಣಲ್ಲ, ಹೌದಿಲ್ಲೋ?"

"ಅಲ್ಲ."

ಚೀರಲಿಲ್ಲ. ಕೆಳಗೆ ಕೂತಳು. ಜಾರಿದ ತೋಳನ್ನು ಭುಜದ ಮೇಲೆ ಎಳೆದುಕೊಂಡಳು, ಅದು ಮತ್ತೆ ಜಾರಿತು.

"ಬಿಗಿ ಆದ ದಿನ... ಕೊಟ್ಟೂರು ಸ್ವಾಮಿ ಗುಡಿಗೆ ನಡಕೊಂತ ಬರ್ತೀನಿ ಅಂತ ಬೇಡಿಕೊಂಡಿದ್ದೆ. ಕೈ ಮುಗದು. ಇಲ್ಲೇ. ನೀನು ಬಾಗಿಲದಾಗ ನಿಂತು ನೋಡಿದಿ."

ಕಾಲು ಹಿಡಿದುಕೊಂಡೆ. ಬಿಡಿಸಿಕೊಳ್ಳಲಿಲ್ಲ. ಸಂಜೆ ತಾನೇ ಚೀಲಕ್ಕೆ ಬಟ್ಟೆ ತುಂಬಿದಳು. "ನಾಳೆ ರೈಲು ಎಷ್ಟೊತ್ತಿಗೆ?"

30 ಮಾರ್ಚ್, ಗುರುವಾರ

ಬಳ್ಳಾರಿಯಿಂದ ನಿನ್ನೆ ಬಂದೆವು.

ಎಕ್ಸ್‌ರೇ ತೆಗೆದರು, ಹೊಟ್ಟೆ ಒತ್ತಿ ಒತ್ತಿ ನೋಡಿದರು, ರಕ್ತ ತೆಗೆದರು. ಗಂಟು ತೆಗೆಯಲಿಕ್ಕೆ ಬರುವುದಿಲ್ಲವಂತೆ. ಲಿವರಿಗೂ ಹಬ್ಬಿದೆ. ನೋವಿಗೆ ಗುಳಿಗೆ ಕೊಟ್ಟಿದ್ದಾರೆ. ಬೇಕಾದ್ದು ತಿನ್ನಲಿ ಅಂದರು. ಬೇಕಾದ್ದು ಏನೂ ಇಲ್ಲ ಅವಳಿಗೆ.

ಹೊರಡುವಾಗ ಒಬ್ಬರೇ ಸಿಕ್ಕ ಸಣ್ಣ ವಯಸ್ಸಿನ ಡಾಕ್ಟರನ್ನು ಕೇಳಿದೆ. "ಫೆಬ್ರವರಿಯಾಗ ಬಂದಿದ್ರ, ಸಾರ್?"

ಕಾಗದದಿಂದ ತಲೆ ಎತ್ತಿದರು. "ಹೇಳಾಕ ಬರೂದಿಲ್ರಿ." ಕಾಗದ ಮಡಚುತ್ತಾ, "ಆಗಿದ್ರ ತಗೀಬಹುದಿತ್ತೇನೋ."

ಕೇಳಬಾರದಿತ್ತು. ಈಗ ಅದೊಂದೇ ಮಾತು ಕಿವಿಯಲ್ಲಿ. ಪೆಡಲು ತುಳಿದಾಗಲೂ ಅದೇ.

ಗಂಟಿನ ಮಾತನ್ನು ಅವಳು ಪೂರ್ತಿ ಕೇಳಿಸಿಕೊಂಡೇ ಕೂತಿದ್ದಳು. ಈ ಸಲ ಯಾರೂ ಅವಳನ್ನು ಹೊರಗೆ ಕೂಡಿಸಲಿಲ್ಲ. ನಾನೇ ಬಿಡಲಿಲ್ಲ. ರೈಲಿನಲ್ಲಿ ನನ್ನ ಭುಜಕ್ಕೆ ಒರಗಿ ನಿದ್ದೆ ಮಾಡಿದಳು. ಭಾರವೇ ಇಲ್ಲ.

2 ಏಪ್ರಿಲ್, ಭಾನುವಾರ. ಮಧ್ಯಾಹ್ನ ಮೂರು

ಅಂಗಡಿ ಬಾಗಿಲು ಹಾಕಿದ್ದೇನೆ. ಬೆನಕಪ್ಪ ಬಂದು ತಟ್ಟಿ ಹೋದ.

ಯುಗಾದಿ ಶನಿವಾರ. ಎರ್ರೆಮ್ಮ ಗುರುವಾರ ಬರುತ್ತಾಳೆ ಅಂತ ಅಳಿಯನ ಕಾರ್ಡು ಬಂದಿದೆ. ಕಾರ್ಡು ಓದಿ ಹೇಳಿದಾಗಿನಿಂದ ಮಾಳಮ್ಮ ಏನೋ ಲೆಕ್ಕ ಹಾಕುತ್ತಿದ್ದಳು. ಊಟ ಆದ ಮೇಲೆ – ನನ್ನ ಊಟ – ಟ್ರಂಕಿನಿಂದ ಒಂದು ಹಸಿರು ತುಂಡು ತೆಗೆದಳು. ಬಳ್ಳಾರಿಯಲ್ಲಿ ಆಸ್ಪತ್ರೆ ಎದುರಿನ ತುಂಡು ಬಟ್ಟೆ ಗಾಡಿಯಲ್ಲಿ ತೆಗೆದುಕೊಂಡಿದ್ದಳಂತೆ. ನನಗೆ ಗೊತ್ತೇ ಇಲ್ಲ.

"ಅಗ್ಗಕ್ಕ ಸಿಕ್ತು. ಮೊದಲಾಗಿದ್ರ ಒಂದು ತೋಳಿಗೂ ಸಾಲ್ತಿದ್ದಿಲ್ಲ. ಈಗ ಇಷ್ಟ ಸಾಕು."

ನಗಲಿಕ್ಕೆ ನೋಡಿದಳು. ನನಗೂ ಆಗಲಿಲ್ಲ.

"ಹುಡುಗಿ ಬರೋದ್ರಾಗ ಇದನ್ನ ಹೊಲದು ಕೊಡು. ಹಳೇವು ಬ್ಯಾಡ, ಅವುದ್ರಾಗ ಬರೇ ತೂತು ಅದಾವು. ಆಕಿ ದಿನ ತುಂಬಿದಾಕಿ. ನಾನು ಹಿಂಗ ಜೋತಾಡಾದು ನೋಡಿದ್ರ ಹೆದರ್ತಾಳ. ಬಿಗಿ ಹೊಲಿ. ಹೆರಿಗಿ ಆಗಾಮಟ ಆಕಿಗೆ ಗೊತ್ತಾಗಬಾರದು."

ಬೇಡ ಮಾಳಿ, ಈ ಕೆಲಸ ಇನ್ನು ಬೇಡ ಅಂದೆ. ನನ್ನ ಕೈಲಿ ಆಗುವುದಿಲ್ಲ ಅಂದೆ. ಅವಳು ಹಟದವಳು.

"ನನಗ ಮಾಡಿದಿ. ಮಗಳಿಗೂ ಮಾಡು. ಈ ಸಲ ನನ್ನ ಕೇಳಿ ಮಾಡ್ತಿ, ಅಷ್ಟ. ಅಳತಿ ತಗಂಡು ಬರಿ. ನನ್ನ ಮುಂದ ಓದು. ಎಷ್ಟೈತೋ ಅಷ್ಟ ಬರಿ, ನನಗ ಕೇಳಬೇಕು."

ಇಷ್ಟು ವರ್ಷ ಅವಳ ಅಳತೆ ಬರೆದೇ ಇಲ್ಲ. ಕೈಗೆ ಗೊತ್ತಿತ್ತು. ಆರ್ಡರ್ ಪುಸ್ತಕದಲ್ಲಿ ಊರ ಮಂದಿಯ ನಡುವೆ ಬರೆಯಲು ಮನಸ್ಸಿಲ್ಲ. ಇದರಲ್ಲೇ ಬರೆಯುತ್ತೇನೆ. ಸೀರೆ ಸರಿಮಾಡಿಕೊಳ್ಳಲಿಕ್ಕೆ ಒಳಗೆ ಹೋಗಿದ್ದಾಳೆ. ಗೋಡೆ ಹಿಡಿದು ಬರುತ್ತಿದ್ದಾಳೆ.

ಬಂದಳು. ಟೇಪು ಅವಳೇ ಕೈಗೆ ಕೊಟ್ಟಳು.

ಉದ್ದ, ಹದಿಮೂರು. ಅದೊಂದು ಇಳಿದಿಲ್ಲ. ಗಟ್ಟಿಯಾಗಿ ಓದಿದೆ. "ಹೂಂ" ಅಂದಳು.

ಭುಜ, ಹನ್ನೆರಡು. "ಹೂಂ. ಮುಂದ."

ತೋಳಿನ ಸುತ್ತು –